ಕಲ್ಲಿನಲ್ಲಿ ಏನಿದೆ ಎಂದು ಕೇಳಿದ ಮೇಷ್ಟರು

ಸೊರಬ, ಶಿಕಾರಿಪುರ, ಹಾನಗಲ್ಲುಗಳ ಸುತ್ತಿನ ಹಳ್ಳಿಗಳಲ್ಲಿ ತಿರುಗಾಡಿ, ಹೊಲದ ಬದುವಿನಲ್ಲೋ ಕೆರೆ ಏರಿಯ ಮೇಲೋ ಹಾಳು ದೇವಸ್ಥಾನದ ಹಿಂಬದಿಯಲ್ಲೋ ನಿಂತಿರುವ ವೀರಗಲ್ಲುಗಳ ಚಿತ್ರ ತೆಗೆದು, ಅವುಗಳ ಬಗ್ಗೆ ತಿಳಿದಷ್ಟನ್ನು ಬರೆದು ಅಂತರ್ಜಾಲದಲ್ಲಿ ಹಾಕುವುದು ನನ್ನ ಹಲವು ವರ್ಷಗಳ ಅಭ್ಯಾಸ. ಎರಡು ವರ್ಷಗಳ ಹಿಂದೆ ಅಂಥದೊಂದು ಬರಹ ಪ್ರಕಟಿಸಿದ ಮಾರನೆಯ ದಿನ ಹಾವೇರಿ ಜಿಲ್ಲೆಯಿಂದ ಒಬ್ಬರು ಫೋನ್ ಮಾಡಿದರು. ಅವರು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುವ ಮೇಷ್ಟರು. ಶಾಸನದ ಪಾಠದ ಬಗ್ಗೆ, ಅದರಲ್ಲಿ ಬರುವ ಊರಿನ ಹೆಸರಿನ ಬಗ್ಗೆ ಎರಡು ಸೂಕ್ಷ್ಮವಾದ ಪ್ರಶ್ನೆಗಳನ್ನು ಕೇಳಿ, ಆಮೇಲೆ ಸ್ವಲ್ಪ ತಡೆದು ಹೇಳಿದರು: “ಸರ್, ನೀವು ಬರದದ್ದೆಲ್ಲಾ ಕೇಳೇನ್ರಿ. ‘ಕೆಳಗಿನ ಚಿತ್ರ ನೋಡಿದರೆ ವೀರ ಹೇಗೆ ಸತ್ತನೆಂಬುದು ತಾನಾಗಿಯೇ ತಿಳಿಯುತ್ತದೆ’ ಅಂತ ಬರದೀರಿ. ನನಗ ಕಣ್ಣು ಕಾಣಂಗಿಲ್ರಿ. ಆ ಕಲ್ಲಿನ್ಯಾಗ ಏನೈತಿ, ಒಂದೀಟು ಹೇಳ್ತೀರೇನು?”

ನಾನು ಹೇಳಲು ಹೊರಟೆ. ಕಲ್ಲು ಮೂರು ಹಂತಗಳದ್ದು, ಕೆಳಗೆ ಯುದ್ಧ, ನಡುವೆ ಅಪ್ಸರೆಯರು, ಮೇಲೆ ಕೈಲಾಸ ಎಂದೆ. ಅವರು ಸಮಾಧಾನದಿಂದಲೇ ತಡೆದರು. “ಅದು ಗೊತ್ತೈತ್ರಿ ಸರ್, ಭಾಳಷ್ಟು ವೀರಗಲ್ಲು ಹಂಗ ಇರ್ತಾವು, ನಾನೂ ಹುಡುಗರಿಗೆ ಅದನ್ನ ಹೇಳ್ತೀನಿ. ಈ ಕಲ್ಲಿನ್ಯಾಗ ಏನೈತಿ?”

ಆ ಪ್ರಶ್ನೆಗೆ ನನ್ನಲ್ಲಿ ತಕ್ಷಣ ಉತ್ತರವಿರಲಿಲ್ಲ. ಚಿತ್ರವನ್ನು ನಾನೇ ತೆಗೆದಿದ್ದೆ, ಕಲ್ಲಿನ ಮುಂದೆ ಒಂದು ಗಂಟೆ ಕುಳಿತಿದ್ದೆ, ಆದರೂ ಅದರಲ್ಲಿ ಎಷ್ಟು ಜನರಿದ್ದಾರೆ, ಯಾರ ಕೈಯಲ್ಲಿ ಏನಿದೆ ಎಂಬುದನ್ನು ಮಾತಿನಲ್ಲಿ ಹೇಳಲು ಕಂಪ್ಯೂಟರಿನಲ್ಲಿ ಮತ್ತೆ ಚಿತ್ರವನ್ನು ತೆರೆಯಬೇಕಾಯಿತು. ನನ್ನನ್ನು ಹೆಚ್ಚು ನೋಯಿಸಿದ್ದು ಇನ್ನೊಂದು ಸಂಗತಿ. ಬರಹದ ಮುಖ್ಯ ವಿಷಯವಾದ ವೀರನ ಸಾವಿನ ಕಾರಣವನ್ನೇ ನಾನು ಅಕ್ಷರದಲ್ಲಿ ಬರೆಯದೆ ಚಿತ್ರದ ಪಾಲಿಗೆ ಬಿಟ್ಟಿದ್ದೆ. ಕಣ್ಣು ಕಾಣದ ಓದುಗರ ಮಟ್ಟಿಗೆ ಅದು ಕೊನೆಯ ಪುಟ ಹರಿದ ಪುಸ್ತಕವನ್ನು ಕೈಗೆ ಕೊಟ್ಟಂತೆ ಆಗಿತ್ತು.

ಕೆಲವು ವಾರಗಳ ನಂತರ ಹಾನಗಲ್ಲಿಗೆ ಹೋದಾಗ ಅವರ ಮನೆಗೂ ಹೋಗಿ ಬಂದೆ. ಅವರು ನನ್ನ ಬರಹವನ್ನು ತಮ್ಮ ಫೋನಿನಲ್ಲಿ ತೆರೆದು ಹೇಗೆ ಕೇಳುತ್ತಾರೆಂಬುದನ್ನು ತೋರಿಸಿದರು. ಆಂಡ್ರಾಯ್ಡ್ ಫೋನುಗಳಲ್ಲಿ ಟಾಕ್‌ಬ್ಯಾಕ್ ಎಂಬ ಸ್ಕ್ರೀನ್ ರೀಡರ್ ಇರುತ್ತದೆ. ಬೆರಳು ಪರದೆಯ ಮೇಲೆ ಎಲ್ಲಿ ಮುಟ್ಟುತ್ತದೆಯೋ ಅಲ್ಲಿರುವುದನ್ನು ಅದು ಗಟ್ಟಿಯಾಗಿ ಓದುತ್ತದೆ, ಬಲಕ್ಕೆ ಸವರಿದರೆ ಮುಂದಿನ ಭಾಗಕ್ಕೆ ಹೋಗುತ್ತದೆ. ಅವರು ಕೇಳುತ್ತಿದ್ದ ವೇಗದಲ್ಲಿ ನನಗೆ ಕನ್ನಡವೇ ಅರ್ಥವಾಗಲಿಲ್ಲ. ವರ್ಷಗಳ ರೂಢಿಯಿಂದ ಅವರ ಕಿವಿ ಅಷ್ಟು ಚುರುಕಾಗಿದೆ. ವಾಕ್ಯಗಳು ಒಂದರ ಹಿಂದೊಂದು ಓಡಿದವು. ಚಿತ್ರದ ಜಾಗ ಬಂದಾಗ ದನಿ ಬದಲಾಗಿ, “ಐಎಂಜಿ, ಅಂಡರ್‌ಸ್ಕೋರ್, ಎರಡು ಸೊನ್ನೆ ಎರಡು ಮೂರು...” ಎಂದು ಶುರುವಾಯಿತು. ನನ್ನ ಕ್ಯಾಮೆರಾ ಆ ಚಿತ್ರಕ್ಕೆ ಕೊಟ್ಟ ಕಡತದ ಹೆಸರು ಅದು. ಆ ಬರಹದಲ್ಲಿ ಏಳು ಚಿತ್ರಗಳಿದ್ದವು. ಏಳು ಸಲವೂ ಅವರು ಆ ಅಂಕಿಗಳ ಸಾಲನ್ನು ಕೇಳಿ ಮುಂದಕ್ಕೆ ಸವರಬೇಕಾಯಿತು.

ಸ್ಕ್ರೀನ್ ರೀಡರ್ ಚಿತ್ರವನ್ನು ನೋಡುವುದಿಲ್ಲ, ಚಿತ್ರದ ಬೆನ್ನಿಗೆ ಕಟ್ಟಿರುವ ಬರಹವನ್ನು ಓದುತ್ತದೆ. ಆ ಬರಹಕ್ಕೆ ಆಲ್ಟ್ ಟೆಕ್ಸ್ಟ್ ಎನ್ನುತ್ತಾರೆ; ನಾನು ಚಿತ್ರವಿವರಣೆ ಎನ್ನುತ್ತೇನೆ. ಅದು ಪರದೆಯ ಮೇಲೆ ಕಾಣುವುದಿಲ್ಲ. ಜಾಲಪುಟಗಳನ್ನು ಬರೆಯುವ ಎಚ್‌ಟಿಎಂಎಲ್ ಭಾಷೆಯಲ್ಲಿ ಚಿತ್ರದ ಜೊತೆಗೆ ಇದಕ್ಕೊಂದು ಜಾಗ ಬಹಳ ಹಿಂದಿನಿಂದಲೂ ಇದೆ. ಎಲ್ಲರಿಗೂ ಎಟುಕುವ ಜಾಲಪುಟ ಹೇಗಿರಬೇಕೆಂಬ ಅಂತರರಾಷ್ಟ್ರೀಯ ಮಾರ್ಗಸೂಚಿ 1999ರಲ್ಲಿ ಮೊದಲ ಸಲ ಬಂದಾಗ, ಅದರ ಮೊಟ್ಟಮೊದಲ ಅಂಶವೇ ಚಿತ್ರ ಮತ್ತು ಧ್ವನಿಗಳಿಗೆ ಸಮನಾದ ಬರಹವನ್ನು ಕೊಡಬೇಕು ಎಂಬುದಾಗಿತ್ತು. 2023ರಲ್ಲಿ ಬಂದ ಅದರ ಇತ್ತೀಚಿನ ಆವೃತ್ತಿಯಲ್ಲೂ ಆ ಅಂಶಕ್ಕೆ ಅದೇ ಮೊದಲ ಸ್ಥಾನ. ಕೇಳುವ ಸಲಕರಣೆಗಳೂ ಈಗ ದುಬಾರಿಯಾಗಿ ಉಳಿದಿಲ್ಲ. ಆಸ್ಟ್ರೇಲಿಯಾದ ಇಬ್ಬರು ಅಂಧ ಯುವಕರು ಸೇರಿ 2006ರಲ್ಲಿ ಆರಂಭಿಸಿದ ಎನ್‌ವಿಡಿಎ ಎಂಬ ತಂತ್ರಾಂಶ ವಿಂಡೋಸ್ ಕಂಪ್ಯೂಟರಿಗೆ ಉಚಿತವಾಗಿಯೇ ಸಿಗುತ್ತದೆ, ಅದರ ಜೊತೆಗೆ ಬರುವ ಇ-ಸ್ಪೀಕ್ ದನಿಗೆ ಕನ್ನಡವೂ ಬರುತ್ತದೆ. ಹೀಗೆ ಓದುವ ಯಂತ್ರ ಸಿದ್ಧವಿದೆ, ಬರೆಯುವ ಜಾಗ ಸಿದ್ಧವಿದೆ, ಕೇಳುವವರು ಕಾದಿದ್ದಾರೆ. ಬರೆಯಬೇಕಾದವರು ನಾವು ಮಾತ್ರ ಬರೆದಿಲ್ಲ.

ಅಂದು ರಾತ್ರಿಯೇ ಆ ಕಲ್ಲಿನ ಚಿತ್ರಕ್ಕೆ ವಿವರಣೆ ಬರೆಯಲು ಕುಳಿತೆ. ಮೊದಲು ಬರೆದದ್ದು “ವೀರಗಲ್ಲಿನ ಚಿತ್ರ” ಎಂದು. ಚಿತ್ರ ಎಂಬುದನ್ನು ಸ್ಕ್ರೀನ್ ರೀಡರ್ ತಾನೇ ಹೇಳುತ್ತದೆ, ವೀರಗಲ್ಲು ಎಂಬುದು ಬರಹದ ತಲೆಬರಹದಲ್ಲೇ ಇದೆ. ಹಾಗಾಗಿ ಆ ಎರಡು ಪದಗಳಿಂದ ಮೇಷ್ಟರಿಗೆ ಹೊಸದಾಗಿ ಏನೂ ಸಿಗುತ್ತಿರಲಿಲ್ಲ. ಅದನ್ನು ಅಳಿಸಿ, ಕಂಡದ್ದನ್ನೆಲ್ಲ ಬರೆಯುತ್ತ ಹೋದೆ. ಹಿಂದಿನ ಜೋಳದ ಹೊಲ, ಆಕಾಶದ ಮೋಡ, ಕಲ್ಲಿನ ಬುಡದಲ್ಲಿ ಯಾರೋ ಇಟ್ಟ ಕುಂಕುಮ, ಪಕ್ಕದಲ್ಲಿ ಬಿದ್ದಿದ್ದ ಪ್ಲಾಸ್ಟಿಕ್ ಚೀಲ ಎಲ್ಲವೂ ಬಂದವು. ಇಪ್ಪತ್ತೈದು ಸಾಲಾಯಿತು. ಕಣ್ಣಿದ್ದವರು ಆ ಚಿತ್ರವನ್ನು ನೋಡಿ ಎರಡು ಕ್ಷಣಗಳಲ್ಲಿ ಮುಂದೆ ಹೋಗುತ್ತಾರೆ. ಮೇಷ್ಟರು ಮಾತ್ರ ಪ್ಲಾಸ್ಟಿಕ್ ಚೀಲದವರೆಗೆ ಎರಡು ನಿಮಿಷ ಕೇಳಬೇಕು. ಅದೂ ನ್ಯಾಯವಲ್ಲ ಅನ್ನಿಸಿತು.

ಆಗ ನನಗೆ ದಾರಿ ತೋರಿದ್ದು ಅವರದೇ ಮಾತು: ಈ ಕಲ್ಲಿನಲ್ಲಿ ಏನಿದೆ? ಈ ಚಿತ್ರವನ್ನು ನಾನು ಇಲ್ಲಿ ಯಾಕೆ ಹಾಕಿದೆ ಎಂದು ನನ್ನನ್ನೇ ಕೇಳಿಕೊಂಡೆ. ವೀರ ಹೇಗೆ ಸತ್ತನೆಂದು ತೋರಿಸಲು. ಹಾಗಿದ್ದರೆ ವಿವರಣೆಯೂ ಅದನ್ನೇ ತೋರಿಸಬೇಕು, ಅದಕ್ಕೆ ಬೇಕಾದದ್ದು ಉಳಿಯಬೇಕು, ಉಳಿದದ್ದು ಹೋಗಬೇಕು. ಕೊನೆಗೆ ನಿಂತ ರೂಪ ಇದು:

“ಹೊಲದ ಬದುವಿನಲ್ಲಿ ನಿಂತಿರುವ ಆಳೆತ್ತರದ ಕಪ್ಪು ಕಲ್ಲು, ಮೂರು ಹಂತಗಳ ಕೆತ್ತನೆ. ಕೆಳಹಂತದಲ್ಲಿ ವೀರ ಬಲಕ್ಕೆ ಮುಖಮಾಡಿ ಬಿಲ್ಲು ಎಳೆದಿದ್ದಾನೆ. ಅವನ ಬೆನ್ನ ಹಿಂದೆ ಎರಡು ಸಾಲಿನಲ್ಲಿ ಐದು ಹಸುಗಳು ಮತ್ತು ಒಂದು ಕರು. ಎದುರಿಗೆ ಇಬ್ಬರು ಬಿಲ್ಲುಗಾರರು. ವೀರನ ಎದೆಯಲ್ಲಿ ಒಂದು, ತೊಡೆಯಲ್ಲಿ ಎರಡು ಬಾಣಗಳು ನಾಟಿವೆ. ನಡುಹಂತದಲ್ಲಿ ಇಬ್ಬರು ಅಪ್ಸರೆಯರು ಅವನ ತೋಳು ಹಿಡಿದು ಮೇಲಕ್ಕೆ ಒಯ್ಯುತ್ತಿದ್ದಾರೆ. ಮೇಲಿನ ಹಂತದಲ್ಲಿ ಅವನು ಲಿಂಗದ ಮುಂದೆ ಕೈಮುಗಿದು ಕುಳಿತಿದ್ದಾನೆ, ತುದಿಯಲ್ಲಿ ಸೂರ್ಯ ಮತ್ತು ಚಂದ್ರ.”

ತುರುಗೊಳ್ ಕಾಳಗದಲ್ಲಿ, ಅಂದರೆ ಊರಿನ ದನಗಳನ್ನು ಹೊಡೆದುಕೊಂಡು ಹೋಗಲು ಬಂದವರನ್ನು ತಡೆಯುವಾಗ, ಅವನು ಬಾಣ ತಾಗಿ ಸತ್ತನೆಂಬುದು ಈಗ ಕೇಳುವವರಿಗೂ ತಾನಾಗಿಯೇ ತಿಳಿಯುತ್ತದೆ. ಇಲ್ಲಿ ಇನ್ನೊಂದು ವಿಷಯವನ್ನೂ ಹೇಳಬೇಕು. ಹಸುಗಳನ್ನು ನಾನು ಎಣಿಸಿದ್ದು ಅದೇ ಮೊದಲು. ಮೂಲ ಬರಹದಲ್ಲಿ “ಕೆಲವು ಹಸುಗಳು” ಎಂದಷ್ಟೇ ಬರೆದಿದ್ದೆ. ಎಣಿಸುವಾಗ ಆರನೆಯದು ಹಸುವಲ್ಲ, ತಾಯಿಯ ಕಡೆಗೆ ಕತ್ತು ತಿರುಗಿಸಿರುವ ಕರು ಎಂಬುದು ಕಾಣಿಸಿತು. ವಿವರಿಸಲು ಕೂರದಿದ್ದರೆ ಆ ಕರುವನ್ನು ನಾನು ಇಂದಿಗೂ ಗಮನಿಸುತ್ತಿರಲಿಲ್ಲ.

ಯಾಕೆ ಹಾಕಿದೆ ಎಂಬ ಪ್ರಶ್ನೆಯನ್ನು ಹಿಡಿದರೆ ಉಳಿದ ಎಷ್ಟೋ ಗೊಂದಲಗಳು ಬಿಡಿಸಿಕೊಳ್ಳುತ್ತವೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕ, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಕ್ರಿ.ಶ. 949-50ರ ಕಲ್ಲನ್ನು ನೆನೆಯಿರಿ. ತಕ್ಕೋಲದ ಕಾಳಗದಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ ಗಂಗರ ಅರಸ ಬೂತುಗ ಬೇಡಿದ್ದನ್ನು ಕೊಡುತ್ತೇನೆಂದಾಗ, ಅವನು ಕಾಳಿ ಎಂಬ ನಾಯಿಯನ್ನು ಬೇಡಿದ; ಆ ನಾಯಿ ಹಂದಿಯೊಂದರ ಜೊತೆ ಹೋರಾಡಿ, ಎರಡೂ ಸತ್ತವು; ಅದರ ನೆನಪಿಗೆ ಕಲ್ಲು ನಿಂತಿತು. ಆ ಕಲ್ಲಿನ ಚಿತ್ರವನ್ನು ನಾಯಿಯ ಕಥೆ ಹೇಳಲು ಹಾಕಿದ್ದರೆ, ನಾಯಿ ಮತ್ತು ಹಂದಿ ಒಂದರ ಮೇಲೊಂದು ಎರಗಿರುವ ಕೆತ್ತನೆಯೇ ವಿವರಣೆಯ ಜೀವ. ಹತ್ತನೆಯ ಶತಮಾನದ ಲಿಪಿಯ ಬಗ್ಗೆ ಬರೆಯುವಾಗ ಅದೇ ಚಿತ್ರ ಹಾಕಿದ್ದರೆ, ಅಕ್ಷರಗಳು ಕೆತ್ತನೆಯ ಸುತ್ತ ಹೇಗೆ ಹಬ್ಬಿವೆ, ಅವುಗಳ ದುಂಡು ಹೇಗಿದೆ ಎಂಬುದು ಮುಖ್ಯವಾಗುತ್ತದೆ, ನಾಯಿಗೆ ಒಂದು ವಾಕ್ಯ ಸಾಕು. ಒಂದೇ ಚಿತ್ರಕ್ಕೆ ಎರಡು ಕಡೆ ಎರಡು ವಿವರಣೆ ಇರುವುದು ತಪ್ಪಲ್ಲ, ಹಾಗೆ ಇರಬೇಕಾದದ್ದೇ ಸರಿ.

ಚಿತ್ರದ ಅಡಿಯಲ್ಲಿ ಎಲ್ಲರಿಗೂ ಕಾಣುವಂತೆ ಬರೆಯುವ ಅಡಿಟಿಪ್ಪಣಿಯೇ ವಿವರಣೆ ಎಂದು ತಿಳಿದವರಿದ್ದಾರೆ. ಪತ್ರಿಕೆಯಲ್ಲಿ “ಎಡದಿಂದ ಬಲಕ್ಕೆ” ಎಂದು ಹೆಸರು ಕೊಡುವುದು ಅಡಿಟಿಪ್ಪಣಿ. ಚಿತ್ರವನ್ನು ಆಗಲೇ ಕಂಡವರಿಗೆ, ಚಿತ್ರದಲ್ಲಿ ಕಾಣದ ಸಂಗತಿಯನ್ನು ಹೇಳುವುದು ಅದರ ಕೆಲಸ. ವಿವರಣೆ ಚಿತ್ರದಲ್ಲಿ ಕಾಣುವುದನ್ನೇ ಹೇಳಬೇಕು. ಹಾಗೆಯೇ ಕಾಣದ್ದನ್ನು ಹೇಳಬಾರದು. ಆರಂಭದಲ್ಲಿ ನಾನು “ವೀರನ ಮುಖದಲ್ಲಿ ಶೌರ್ಯ ಉಕ್ಕುತ್ತಿದೆ” ಎಂದು ಒಂದು ಕಡೆ ಬರೆದುಬಿಟ್ಟಿದ್ದೆ. ನಿಜವಾಗಿ ಆ ಕಲ್ಲಿನಲ್ಲಿ ವೀರನ ಮುಖ ಮಳೆಗಾಳಿಗೆ ಪೂರ್ತಿ ಸವೆದುಹೋಗಿ ನುಣ್ಣಗಾಗಿದೆ. ಮುಖ ಸವೆದಿದೆ ಎಂಬುದೇ ಅಲ್ಲಿ ಹೇಳಬೇಕಾದ ಮಾತು. ಕಣ್ಣಿದ್ದವರು ನನ್ನ ಉತ್ಪ್ರೇಕ್ಷೆಯನ್ನು ಚಿತ್ರದ ಜೊತೆ ಹೋಲಿಸಿ ತಿದ್ದಿಕೊಳ್ಳಬಲ್ಲರು, ಮೇಷ್ಟರಿಗೆ ಆ ಅವಕಾಶವಿಲ್ಲ. ಅವರು ನನ್ನ ಮಾತನ್ನು ನಂಬಿ ತರಗತಿಯಲ್ಲಿ ಮಕ್ಕಳಿಗೆ ಹಾಗೆಯೇ ಹೇಳುತ್ತಾರೆ. ಆ ನಂಬಿಕೆಯ ಭಾರ ತಿಳಿದ ಮೇಲೆ ವಿಶೇಷಣಗಳನ್ನು ಬಳಸುವಾಗ ಕೈ ತಾನಾಗಿಯೇ ತಡೆಯುತ್ತದೆ.

ಬಣ್ಣವನ್ನು ಹೇಳಬೇಕೇ ಎಂದು ನನಗೆ ಬಹಳ ದಿನ ಅನುಮಾನವಿತ್ತು. ಹುಟ್ಟಿನಿಂದ ಕಾಣದವರಿಗೆ ಬಣ್ಣ ಹೇಳಿ ನೋಯಿಸಿದಂತಾಗುತ್ತದೆಯೋ ಎಂಬ ಅಳುಕು. ಮೇಷ್ಟರನ್ನೇ ಕೇಳಿದೆ. ಅವರು ಹುಟ್ಟಿನಿಂದ ಅಂಧರು. ಕೆಂಪು ಹೇಗಿರುತ್ತದೆಂದು ತಮಗೆ ಗೊತ್ತಿಲ್ಲವಾದರೂ, ಮದುಮಗಳು ಯಾವ ಬಣ್ಣದ ಸೀರೆ ಉಟ್ಟಳು, ಬಾವುಟದಲ್ಲಿ ಯಾವ ಬಣ್ಣ ಮೇಲಿದೆ, ಮಗಳ ಶಾಲೆಯ ಸಮವಸ್ತ್ರ ಯಾವ ಬಣ್ಣದ್ದು ಎಂಬ ಮಾತು ಮನೆಯಲ್ಲಿ, ಬೀದಿಯಲ್ಲಿ, ಶಿಕ್ಷಕರ ಕೊಠಡಿಯಲ್ಲಿ ದಿನವೂ ಬರುತ್ತದೆ, ಆ ಮಾತಿನಲ್ಲಿ ತಾವೂ ಇರಬೇಕು ಎಂದರು. ದೊಡ್ಡವರಾದ ಮೇಲೆ ದೃಷ್ಟಿ ಕಳೆದುಕೊಂಡವರಿಗಂತೂ ಬಣ್ಣದ ಹೆಸರಿನ ಜೊತೆ ನೆನಪೇ ಎದ್ದು ಬರುತ್ತದೆ. ಅಂದಿನಿಂದ ಬಣ್ಣವನ್ನು ಅಗತ್ಯವಿದ್ದಲ್ಲೆಲ್ಲ ಬರೆಯುತ್ತಿದ್ದೇನೆ. ಬರಹದ ಭಾಗಗಳ ನಡುವೆ ಅಂದಕ್ಕಾಗಿ ಹಾಕುವ ಬಳ್ಳಿಯ ಚಿತ್ತಾರದಂಥವಕ್ಕೆ ವಿವರಣೆಯ ಜಾಗವನ್ನು ಬೇಕೆಂದೇ ಖಾಲಿ ಬಿಡುತ್ತೇನೆ. ಖಾಲಿ ಎಂದು ಗುರುತು ಮಾಡಿದ್ದರೆ ಸ್ಕ್ರೀನ್ ರೀಡರ್ ಅದನ್ನು ಸದ್ದಿಲ್ಲದೆ ದಾಟುತ್ತದೆ.

ಆದರೆ ಕನ್ನಡದಲ್ಲಿ ಇದಕ್ಕಿಂತ ದೊಡ್ಡ ತೊಡಕು ಬೇರೆ ಇದೆ. ನಾವು ಹಂಚಿಕೊಳ್ಳುವ ಚಿತ್ರಗಳಲ್ಲಿ ಬಹುಪಾಲು ಚಿತ್ರಗಳೇ ಅಲ್ಲ, ಅಕ್ಷರಗಳು. ನಿಮ್ಮ ಫೋನಿನ ವಾಟ್ಸ್ಆ್ಯಪ್ ತೆರೆದು ಇಂದು ಬೆಳಗ್ಗೆಯಿಂದ ಬಂದ ಚಿತ್ರಗಳನ್ನು ಒಮ್ಮೆ ನೋಡಿ. ಮದುವೆಯ ಆಹ್ವಾನ ಪತ್ರಿಕೆ, ಪುಸ್ತಕ ಬಿಡುಗಡೆಯ ಕರೆಯೋಲೆ, ತಾಳಮದ್ದಳೆಯ ಕರಪತ್ರ, ದಿನಪತ್ರಿಕೆಯ ತುಣುಕು, ಪರೀಕ್ಷೆಯ ವೇಳಾಪಟ್ಟಿ, ನಾಳೆ ಕರೆಂಟ್ ಇರುವುದಿಲ್ಲವೆಂಬ ಪ್ರಕಟಣೆ, ಸುತ್ತೋಲೆಯ ಫೋಟೋ, ಹೂವಿನ ಹಿನ್ನೆಲೆಯಲ್ಲಿ ಅಚ್ಚಾದ ಕವಿತೆ, ನಿಧನ ವಾರ್ತೆ. ಇವೆಲ್ಲವೂ ಯಾರೋ ಕೀಲಿಮಣೆಯಲ್ಲಿ ಅಕ್ಷರವಾಗಿಯೇ ಬರೆದವು. ಆಮೇಲೆ ಅಂದವಾಗಿ ಕಾಣಲೆಂದು ಚಿತ್ರವಾಗಿಸಿದವು. ಚಿತ್ರವಾದ ಕ್ಷಣದಿಂದ ಅವು ಮೇಷ್ಟರ ಪಾಲಿಗೆ ಇಲ್ಲ. ತಮ್ಮದೇ ಶಾಲೆಯ ಗುಂಪಿನಲ್ಲಿ, ಸಹೋದ್ಯೋಗಿಯ ತಂದೆ ತೀರಿಕೊಂಡ ಸುದ್ದಿ ಒಂದು ಚಿತ್ರವಾಗಿ ಬಂದು, ಅದರ ಕೆಳಗೆ ಎಲ್ಲರೂ ಕೈಮುಗಿದ ಚಿಹ್ನೆ ಹಾಕಿದ್ದರಂತೆ. ಯಾರು ಹೋದರೆಂಬುದು ಮೇಷ್ಟರಿಗೆ ತಿಳಿದದ್ದು ಎರಡು ದಿನ ಕಳೆದ ಮೇಲೆ. ಅದನ್ನು ಹೇಳುವಾಗ ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಮಣ್ಣಿಗೆ ಹೋಗಲಾಗಲಿಲ್ಲ ಎಂಬ ಸಂಕಟವಿತ್ತು.

ಇಂಥ ಚಿತ್ರಗಳಿಗೆ ವಿವರಣೆ ಬರೆಯುವುದು ಅತ್ಯಂತ ಸುಲಭ. ಅದರಲ್ಲಿರುವ ಮಾತನ್ನೇ ಕೆಳಗೆ ಮತ್ತೆ ಬರೆದರಾಯಿತು. ಆಹ್ವಾನ ಪತ್ರಿಕೆಯ ಅಂಚಿನಲ್ಲಿ ಗಣಪತಿ ಇದ್ದಾನೆ, ಮಂಗಳವಾದ್ಯದ ಚಿತ್ರವಿದೆ ಎಂಬುದನ್ನು ಬಿಟ್ಟರೂ ನಡೆಯುತ್ತದೆ. ಯಾರ ಮದುವೆ, ಯಾವ ದಿನ, ಎಷ್ಟು ಗಂಟೆಗೆ, ಯಾವ ಛತ್ರ ಎಂಬುದು ಬಿಡಬಾರದು. ವಾಟ್ಸ್ಆ್ಯಪ್‌ನಲ್ಲಿ ಚಿತ್ರ ಕಳಿಸುವಾಗ ಕೆಳಗೆ ಬರೆಯಲು ಇರುವ ಜಾಗ ಇದಕ್ಕೆ ಸಾಲುತ್ತದೆ. ಎಕ್ಸ್ ತಾಣದಲ್ಲಿ, ಅಂದರೆ ಹಿಂದಿನ ಟ್ವಿಟರ್‌ನಲ್ಲಿ, 2016ರಿಂದ ಚಿತ್ರವಿವರಣೆಗೆ ಪ್ರತ್ಯೇಕ ಜಾಗವಿದ್ದು ಅದರಲ್ಲಿ 1000 ಅಕ್ಷರಗಳವರೆಗೆ ಬರೆಯಬಹುದು. ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಂಗಳಲ್ಲೂ ಚಿತ್ರವನ್ನು ಸೇರಿಸಿದ ಮೇಲೆ ಅದರ ಆಯ್ಕೆಗಳಲ್ಲಿ ಆಲ್ಟ್ ಟೆಕ್ಸ್ಟ್ ಎಂಬುದು ಸಿಗುತ್ತದೆ. ಜಾಗ ಹುಡುಕುವುದು ಕಷ್ಟವೆನಿಸಿದರೆ ಬರಹದ ಕೊನೆಯಲ್ಲಿ “ಚಿತ್ರದಲ್ಲಿ” ಎಂದು ಆರಂಭಿಸಿ ಬರೆದುಬಿಡಿ, ಏನೂ ನಷ್ಟವಿಲ್ಲ. ಅದರಿಂದ ನನ್ನ ಸೋದರತ್ತೆಯಂಥವರಿಗೂ ಉಪಕಾರವಾಗಿದೆ. ಅವರಿಗೆ ಕಣ್ಣಿನಲ್ಲಿ ಪೊರೆ ಬಂದು, ಸಣ್ಣ ಅಕ್ಷರದ ಕರಪತ್ರಗಳು ಮಸುಕಾಗುತ್ತವೆ. ಬರಹವಾದರೆ ದೊಡ್ಡದು ಮಾಡಿ ಓದಿಕೊಳ್ಳುತ್ತಾರೆ. ಮಲೆನಾಡಿನ ಒಳಹಳ್ಳಿಗಳಲ್ಲಿ ಸಿಗ್ನಲ್ ಬಂದು ಹೋಗುವಾಗ ಚಿತ್ರ ಇಳಿಯದೆ ಸುತ್ತುತ್ತಲೇ ಇರುತ್ತದೆ, ಅಲ್ಲಿಯೂ ಬರಹ ಬಂದು ತಲುಪುತ್ತದೆ.

ಯಂತ್ರವೇ ಚಿತ್ರವನ್ನು ಓದಿ ಹೇಳುವ ಕಾಲದಲ್ಲಿ ಈ ಶ್ರಮ ಯಾಕೆ ಎಂದು ಕೇಳುವವರಿದ್ದಾರೆ. ಯಂತ್ರವನ್ನು ನಾನೂ ಬಳಸುತ್ತೇನೆ. ಅಚ್ಚಾದ ಕನ್ನಡವನ್ನು ಚಿತ್ರದಿಂದ ಬಿಡಿಸಿ ಕೊಡುವುದರಲ್ಲಿ ಅವು ಸಾಕಷ್ಟು ಪಳಗಿವೆ. ಆದರೆ ಒಮ್ಮೆ ಸಾಹಿತ್ಯ ಕಾರ್ಯಕ್ರಮವೊಂದರ ಕರೆಯೋಲೆಯನ್ನು ಹೀಗೆ ಯಂತ್ರದಿಂದ ಬಿಡಿಸಿ, ಪರೀಕ್ಷಿಸದೆ ಹಾಗೆಯೇ ಹಾಕಿಬಿಟ್ಟೆ. ಅದರಲ್ಲಿ ತಾರೀಕು ಕನ್ನಡ ಅಂಕಿಯಲ್ಲಿ ೧೯ ಎಂದಿತ್ತು, ಯಂತ್ರ ಅದನ್ನು ೧೬ ಎಂದು ಓದಿತ್ತು. ೬ ಮತ್ತು ೯ ಎಷ್ಟು ಹತ್ತಿರದ ರೂಪಗಳೆಂಬುದು ಕನ್ನಡಿಗರಿಗೆಲ್ಲ ಗೊತ್ತು. ಕಣ್ಣಿದ್ದವರು ಚಿತ್ರವನ್ನು ನೋಡಿ ಸರಿಯಾದ ದಿನ ಬಂದರು. ನನ್ನ ಬರಹವನ್ನು ಕೇಳಿದ ಒಬ್ಬರು, ಇನ್ನೊಬ್ಬರ ನೆರವು ಪಡೆದು ಬಸ್ಸು ಹತ್ತಿ ಮೂರು ದಿನ ಮುಂಚೆಯೇ ಬಂದು, ಬೀಗ ಹಾಕಿದ ಬಾಗಿಲ ಮುಂದೆ ನಿಂತು ನನಗೆ ಫೋನ್ ಮಾಡಿದರು. ಆ ತಪ್ಪು ಯಂತ್ರದ್ದಲ್ಲ, ಓದಿ ನೋಡದೆ ಪ್ರಕಟಿಸಿದ ನನ್ನದು. ಅಂದಿನಿಂದ ಯಂತ್ರ ಕೊಟ್ಟ ಪ್ರತಿಯೊಂದು ಅಂಕಿಯನ್ನೂ ಹೆಸರನ್ನೂ ಮೂಲದ ಜೊತೆ ಬೆರಳಿಟ್ಟು ಹೋಲಿಸುತ್ತೇನೆ.

ಚಿತ್ರವನ್ನೇ ವರ್ಣಿಸಲು ಹೇಳಿದಾಗಲಂತೂ ಯಂತ್ರ ನಮ್ಮ ಕಲ್ಲುಗಳ ವಿಷಯದಲ್ಲಿ ಇನ್ನೂ ಹೊರಗಿನದು. ಕಂಬದಿಂದ ಹೊರಟ, ಮೊಣಕೈ ಮಡಿಸಿ ಮೇಲೆತ್ತಿದ, ಬಳೆ ತೊಟ್ಟ ತೋಳನ್ನು ಕಂಡರೆ ನಮ್ಮ ಕಡೆಯ ಹಳ್ಳಿಯವರು ಮಾಸ್ತಿಕಲ್ಲು ಎನ್ನುತ್ತಾರೆ, ಗಂಡನ ಹಿಂದೆ ಸತಿ ಹೋದವಳ ನೆನಪಿನ ಕಲ್ಲು ಎಂಬುದು ಎಲ್ಲರಿಗೂ ಗೊತ್ತು. ನಾನು ಕೇಳಿದ ಯಂತ್ರ ಅದನ್ನು “ಯಾರನ್ನೋ ಸ್ವಾಗತಿಸುತ್ತಿರುವ ಕೈ” ಎಂದಿತು. ಇಂಥ ಕಲ್ಲು ನೂರಾರು ಕಂಡವರ ಮಾತನ್ನು ಯಾರಾದರೂ ಬರೆದಿಟ್ಟರೆ ಮಾತ್ರ ಮುಂದೆ ಯಂತ್ರವೂ ಅದನ್ನು ಕಲಿತೀತು.

ಇನ್ನೊಂದು ಅಡ್ಡಿ ಕಣ್ಣಿಗೆ ಕಾಣುವುದೇ ಇಲ್ಲ. ಹಿಂದೆ ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಅಕ್ಷರವಿನ್ಯಾಸದಲ್ಲಿ ಬೆರಳಚ್ಚು ಮಾಡಿದ ಕಡತಗಳು ಇಂದಿಗೂ ಕಚೇರಿಗಳಲ್ಲೂ ಮುದ್ರಣಾಲಯಗಳಲ್ಲೂ ಓಡಾಡುತ್ತಿವೆ. ಅವು ನೋಡುವವರಿಗೆ ಅಚ್ಚ ಕನ್ನಡ. ಕಂಪ್ಯೂಟರಿನ ಒಳಗೆ ಮಾತ್ರ ಕ ಎಂಬ ಅಕ್ಷರದ ಜಾಗದಲ್ಲಿ ಇಂಗ್ಲಿಷಿನ ದೊಡ್ಡ ಪಿ ಮತ್ತು ಅದರ ಪಕ್ಕದಲ್ಲೊಂದು ಯುರೋಪಿನ ಸ್ವರಾಕ್ಷರ ಕುಳಿತಿರುತ್ತವೆ. ಸ್ಕ್ರೀನ್ ರೀಡರ್ ಒಳಗಿರುವುದನ್ನೇ ಓದುವುದರಿಂದ, ಇಡೀ ಲೇಖನ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸುರಿಮಳೆಯಾಗಿ ಕೇಳಿಸುತ್ತದೆ. ವಿವರಣೆಯನ್ನು ಎಷ್ಟೇ ಚೆನ್ನಾಗಿ ಬರೆದರೂ ಅದು ಯುನಿಕೋಡ್‌ನಲ್ಲಿ, ಅಂದರೆ ಕನ್ನಡದ ಅಕ್ಷರಕ್ಕೆ ಕಂಪ್ಯೂಟರಿನ ಒಳಗೂ ತನ್ನದೇ ಗುರುತು ಇರುವ ಸಂಕೇತ ಪದ್ಧತಿಯಲ್ಲಿ, ಇಲ್ಲದಿದ್ದರೆ ಬರೆದೂ ಬರೆಯದಂತೆ. ಸ್ವಂತ ಜಾಲತಾಣ ಇರುವವರು ಪುಟದ ಭಾಷೆ ಕನ್ನಡ ಎಂದು ಗುರುತು ಮಾಡಿರುವುದನ್ನೂ ನೋಡಿಕೊಳ್ಳಬೇಕು. ಆ ಗುರುತಿಗೆ ಕೆ ಮತ್ತು ಎನ್ ಎಂಬ ಎರಡು ಇಂಗ್ಲಿಷ್ ಅಕ್ಷರಗಳು ಸಾಕು. ನನ್ನ ಪುಟಗಳಲ್ಲಿ ಅದು ಇಂಗ್ಲಿಷ್ ಎಂದೇ ಇತ್ತು; ಅದರಿಂದಾಗಿ ಮೇಷ್ಟರ ಕಂಪ್ಯೂಟರಿನಲ್ಲಿ ಇಂಗ್ಲಿಷ್ ದನಿ ಕನ್ನಡದ ಮುಂದೆ ಸುಮ್ಮನಾಗಿಬಿಡುತ್ತಿತ್ತು.

“ಕಣ್ಣು ಕಾಣದವರು ಕಲ್ಲಿನ ಫೋಟೋ ತಗೊಂಡು ಏನು ಮಾಡ್ತಾರೆ?” ಎಂದು ನನ್ನ ಜೊತೆ ಕಲ್ಲು ನೋಡಲು ಬರುವ ಗೆಳೆಯರೊಬ್ಬರು ಕೇಳಿದ್ದರು. ಕೆಟ್ಟ ಮನಸ್ಸಿನಿಂದ ಕೇಳಿದ ಮಾತಲ್ಲ, ಆದರೂ ಅದಕ್ಕೆ ಉತ್ತರ ಹೇಳಲೇಬೇಕು. ಕಣ್ಣಿದ್ದವರು ಏನು ಮಾಡುತ್ತಾರೋ ಅದನ್ನೇ ಮಾಡುತ್ತಾರೆ: ತಿಳಿದುಕೊಳ್ಳುತ್ತಾರೆ, ವಾದಿಸುತ್ತಾರೆ, ಇನ್ನೊಬ್ಬರಿಗೆ ಕಳಿಸುತ್ತಾರೆ, ಪಾಠ ಮಾಡುತ್ತಾರೆ. 2011ರ ಜನಗಣತಿ ದೃಷ್ಟಿಯ ತೊಂದರೆ ಇರುವವರೆಂದು ಗುರುತಿಸಿದವರು ದೇಶದಲ್ಲಿ 50 ಲಕ್ಷಕ್ಕೂ ಹೆಚ್ಚು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 42ನೆಯ ಕಲಮು, ವಿದ್ಯುನ್ಮಾನ ಮಾಧ್ಯಮದಲ್ಲಿರುವುದೆಲ್ಲ ಅವರಿಗೆ ಎಟುಕುವ ರೂಪದಲ್ಲಿ ಸಿಗುವಂತೆ ನೋಡಿಕೊಳ್ಳುವ ಹೊಣೆಯನ್ನು ಸರ್ಕಾರದ ಮೇಲೆ ಹೊರಿಸುತ್ತದೆ. 2025ರ ಏಪ್ರಿಲ್ 30ರಂದು ಸರ್ವೋಚ್ಚ ನ್ಯಾಯಾಲಯ, ಡಿಜಿಟಲ್ ಸೌಲಭ್ಯಗಳನ್ನು ಬಳಸಲು ಸಾಧ್ಯವಾಗುವುದು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನ ಭಾಗವೇ ಎಂದು ಹೇಳಿತು. ಕಾಯ್ದೆ ನನ್ನಂಥ ಬಿಡಿ ಬರಹಗಾರನ ಬಾಗಿಲಿಗೆ ಬಂದು ಕೇಳುವುದಿಲ್ಲ. ಮೇಷ್ಟರು ಕೇಳಿದರು, ನನಗೆ ಅದು ಸಾಕಾಯಿತು.

ಕನ್ನಡಕ್ಕೆ ಈ ಕೆಲಸ ಹೊಸದೂ ಅಲ್ಲ. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಬಾನುಲಿ ಕೇಂದ್ರ ಆರಂಭಿಸಿದ ಮೈಸೂರಿನಲ್ಲಿ, ದಸರೆಯ ಜಂಬೂಸವಾರಿಯನ್ನು ರೇಡಿಯೋದಲ್ಲಿ ಕೇಳುತ್ತ ಬೆಳೆದ ತಲೆಮಾರುಗಳಿವೆ. ಅದಕ್ಕೆ ಎಷ್ಟು ಸೊಗಸಾದ ಹೆಸರು ನಮ್ಮಲ್ಲಿದೆ, ವೀಕ್ಷಕ ವಿವರಣೆ. ವಿವರಣೆಕಾರರು “ಆನೆ ಬಂತು” ಎಂದು ಸುಮ್ಮನಾಗುತ್ತಿರಲಿಲ್ಲ. ಯಾವ ಆನೆ, ಅದರ ಹಣೆಯ ಮೇಲಿನ ಚಿತ್ತಾರ ಎಂಥದು, 750 ಕಿಲೋ ತೂಕದ ಚಿನ್ನದ ಅಂಬಾರಿ ಹೊತ್ತು ಅದು ಹೇಗೆ ಹೆಜ್ಜೆ ಇಡುತ್ತಿದೆ, ಅಂಬಾರಿಯಲ್ಲಿ ಚಾಮುಂಡೇಶ್ವರಿಗೆ ಯಾವ ಬಣ್ಣದ ಸೀರೆ ಉಡಿಸಿದ್ದಾರೆ, ಈಗ ಮೆರವಣಿಗೆ ಯಾವ ವೃತ್ತ ದಾಟಿತು ಎಂದು ಹೇಳುತ್ತಿದ್ದರು. ಆ ಹೊತ್ತಿನಲ್ಲಿ ರೇಡಿಯೋದ ಮುಂದೆ ಕುಳಿತ ನಾವೆಲ್ಲರೂ ಕಣ್ಣಿಗೆ ಕಾಣದುದನ್ನು ಕಿವಿಯಿಂದ ಕಾಣುತ್ತಿದ್ದೆವು. ನಾನು ವಿವರಣೆ ಬರೆದು ಮುಗಿಸಿದ ಮೇಲೆ ಅದನ್ನು ಒಮ್ಮೆ ಗಟ್ಟಿಯಾಗಿ ಓದಿ, ರೇಡಿಯೋದಲ್ಲಿ ಕೇಳಿದರೆ ಚಿತ್ರ ಕಟ್ಟುತ್ತದೆಯೇ ಎಂದು ನೋಡುತ್ತೇನೆ. ಕಟ್ಟದಿದ್ದರೆ ಸಾಮಾನ್ಯವಾಗಿ ವಾಕ್ಯಗಳ ಕ್ರಮವೇ ತಪ್ಪಿರುತ್ತದೆ. ಇಡೀ ಆಕಾರವನ್ನು ಮೊದಲು ಹೇಳಿ ಬಿಡಿಗಳನ್ನು ಆಮೇಲೆ ಹೇಳಿದರೆ ಸರಿಹೋಗುತ್ತದೆ.

ನನ್ನ ಹಳೆಯ ಬರಹಗಳಲ್ಲಿ ಮುನ್ನೂರಕ್ಕೂ ಹೆಚ್ಚು ಚಿತ್ರಗಳಿವೆ. ದಿನಕ್ಕೆ ಎರಡರಂತೆ, ರಾತ್ರಿ ಊಟವಾದ ಮೇಲೆ ಕುಳಿತು ವಿವರಣೆ ಸೇರಿಸುತ್ತಿದ್ದೇನೆ, ಅರ್ಧ ದಾಟಿದೆ. ಹೊಸದು ಸೇರಿಸಿದಾಗಲೆಲ್ಲ ಮೇಷ್ಟರಿಗೆ ತಿಳಿಸುತ್ತೇನೆ. ಅವರು ಕೇಳಿ ಅಲ್ಲಲ್ಲಿ ತಿದ್ದಿಸುತ್ತಾರೆ, ಹಲವು ಸಲ ನಾನು ಉತ್ತರಿಸಲಾಗದ ಪ್ರಶ್ನೆ ಕೇಳುತ್ತಾರೆ. ಕಳೆದ ವಾರ ಮತ್ತೆ ಆ ಮೊದಲ ಕಲ್ಲಿನ ಮಾತೇ ಬಂತು. “ಸರ್, ಬಿಲ್ಲು ಹಿಡದಾನ ಅಂದ್ರಿ, ಖರೆ. ನಡುವಿನ್ಯಾಗ ಕಠಾರಿ ಐತೇನ್ರಿ? ಐತಿ ಅಂದ್ರ ಅಂವಾ ಬರೇ ಊರ ದನ ಕಾಯೋ ಹುಡುಗ ಅಲ್ಲ ಅಂತ ನನಗ ಅನಿಸ್ತದ.” ನಾನು ಚಿತ್ರವನ್ನು ಎಷ್ಟು ದೊಡ್ಡದು ಮಾಡಿದರೂ ಸೊಂಟದ ಜಾಗದಲ್ಲಿ ಬಿಳಿಯ ಹಾವಸೆಯ ಮಚ್ಚೆಯೊಂದು ಬಿಟ್ಟರೆ ಏನೂ ಸ್ಪಷ್ಟವಾಗಲಿಲ್ಲ. ಮಧ್ಯಾಹ್ನದ ನೆತ್ತಿಯ ಬಿಸಿಲಿನಲ್ಲಿ ತೆಗೆದ ಚಿತ್ರ ಅದು. ತೆಳುವಾದ ಕೆತ್ತನೆ ಕಾಣಬೇಕಾದರೆ ಬೆಳಕು ಪಕ್ಕದಿಂದ ಬೀಳಬೇಕು. ಬರುವ ಭಾನುವಾರ ಸಂಜೆ ಇಳಿಬಿಸಿಲಿಗೆ ಆ ಹೊಲಕ್ಕೆ ಹೋಗುತ್ತಿದ್ದೇನೆ. ಟಾರ್ಚು ಮತ್ತು ಮೆತ್ತನೆಯ ಕುಂಚವನ್ನು ಚೀಲದಲ್ಲಿ ಇಟ್ಟುಕೊಂಡಿದ್ದೇನೆ. ಅಲ್ಲಿಯವರೆಗೆ ಆ ವಿವರಣೆಯ ಕೊನೆಗೆ ಒಂದು ವಾಕ್ಯ ಸೇರಿಸಿದ್ದೇನೆ: “ವೀರನ ಸೊಂಟದ ಭಾಗ ಹಾವಸೆಯಿಂದ ಮುಚ್ಚಿದೆ, ಅಲ್ಲಿ ಆಯುಧವಿದೆಯೇ ಇಲ್ಲವೇ ಎಂಬುದು ಈ ಚಿತ್ರದಲ್ಲಿ ತಿಳಿಯುವುದಿಲ್ಲ.”